ಬೇಲಿ ಸವರಲು ಏಣಿ ಹತ್ತುವ ಮುಂಚೆ

ತೆಂಗಿನ ಮರದಿಂದ ಬಿದ್ದೆ ಅಂದರೆ ಜನ ‘ಅಯ್ಯೋ ಪಾಪ’ ಅನ್ನುತ್ತಾರೆ. ಬೇಲಿ ಸವರಲು ಹೋಗಿ ಬಿದ್ದೆ ಅಂದರೆ ನಗುತ್ತಾರೆ. ನಾನು ಬಿದ್ದದ್ದು ಬೇಲಿ ಸವರುವಾಗಲೇ. ಒಂಬತ್ತು ಅಡಿ ಎತ್ತರ, ಅದಕ್ಕಿಂತ ಹೆಚ್ಚಿಲ್ಲ. ಬಲಗಾಲಿನ ಹಿಮ್ಮಡಿ ಮೂಳೆ ಒಡೆಯಿತು. ಮೂರು ತಿಂಗಳು ಕಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ಇದು 2022ರ ಮೇ ತಿಂಗಳ ಮಾತು. ಇವತ್ತಿಗೂ ಇಳಿಜಾರಿನ ಹೊಲದಲ್ಲಿ ಟಿಲ್ಲರ್ ಹಿಂದೆ ಅರ್ಧ ದಿನ ನಡೆದರೆ ಸಂಜೆಗೆ ಹಿಮ್ಮಡಿ ಊದಿಕೊಳ್ಳುತ್ತೆ.

ಹಾಸಿಗೆ ಮೇಲೆ ಮಲಗಿದ್ದ ಮೂರು ತಿಂಗಳಲ್ಲಿ ನನಗೆ ಬೇರೆ ಕೆಲಸ ಇರಲಿಲ್ಲ. ಬಿದ್ದದ್ದು ಹೇಗೆ, ಯಾಕೆ ಅಂತ ಅದನ್ನೇ ಯೋಚಿಸಿದೆ. ಎದ್ದ ಮೇಲೆ ಗಾರೆ ಕೆಲಸದವರನ್ನು, ತೋಟದಲ್ಲಿ ಮರಗಸಿ ಮಾಡುವವರನ್ನು, ಮೆಣಸು ಕೊಯ್ಯುವವರನ್ನು ಕೇಳಿ ತಿಳಿದುಕೊಂಡೆ. ನನಗೆ ಅರ್ಥವಾದದ್ದು ಇಷ್ಟು. ನಾವು ಬೀಳುವುದು ಮೇಲೆ ಹತ್ತಿದಾಗ ಅಲ್ಲ. ಬೀಳುತ್ತೀವೋ ಇಲ್ಲವೋ ಅನ್ನುವುದು ನೆಲದ ಮೇಲೆ ನಿಂತಾಗಲೇ ತೀರ್ಮಾನ ಆಗಿರುತ್ತೆ. ಅಲ್ಲಿ ಕಾಲು ಗಂಟೆ ಉಳಿಸಲು ಹೋಗಿ ನಾನು ಒಂದು ಬೆಳೆ ಕಳೆದುಕೊಂಡೆ.

ಬೇಲಿ ಯಾಕೆ ಅಷ್ಟು ಎತ್ತರ ಹೋಯಿತು

ನಮ್ಮದು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆ. ಸಕಲೇಶಪುರದ ದಿಕ್ಕಿಗೆ ಹೋದಷ್ಟೂ ಕಾಫಿ ತೋಟ, ಹಾಸನದ ದಿಕ್ಕಿಗೆ ಬಂದಷ್ಟೂ ರಾಗಿ, ಜೋಳದ ಬೆದ್ದಲು. ನನ್ನದು ಎರಡೂಮುಕ್ಕಾಲು ಎಕರೆ ಖುಷ್ಕಿ. ರಾಗಿ, ಮುಸುಕಿನ ಜೋಳ, ಒಂದು ತುಂಡಿನಲ್ಲಿ ಶುಂಠಿ. ಸುತ್ತ ಜೀವಂತ ಬೇಲಿ. ಅದರಲ್ಲಿ ಹೆಚ್ಚು ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಮಧ್ಯೆ ಮಧ್ಯೆ ದಾಸವಾಳ, ಲಂಟಾನ, ಒಂದೆರಡು ಹಾಲುವಾಣ.

ಗೊಬ್ಬರದ ಗಿಡ ಪ್ರತಿ ವರ್ಷ ಸವರಿದರೆ ಮಾತು ಕೇಳುತ್ತೆ. ಎರಡು ವರ್ಷ ಬಿಟ್ಟರೆ ನಮ್ಮ ಕೈ ಮೀರುತ್ತೆ. ಮಗಳ ಮದುವೆ, ಆಮೇಲೆ ಕೊರೊನಾ ಅಂತ ನಾನು ಎರಡು ವರ್ಷ ಬಿಟ್ಟೆ. ಬೇಲಿ 14 ಅಡಿ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತಾರಲ್ಲ, ನನ್ನ ಬೇಲಿ ನೆರಳು ಹಾಕಿ ಮೂಡಣ ಬದಿಯ ನಾಲ್ಕು ಸಾಲು ರಾಗಿಯನ್ನು ಮೇಯಿತು. ಇನ್ನೊಂದು ಕಡೆ ಆನೆ ಕಾಟಕ್ಕೆ ಅಂತ ಹಾಕಿದ ಸೋಲಾರ್ ತಂತಿಗೆ ಸೊಪ್ಪು ತಗುಲಿ ಕರೆಂಟು ಸೋರಿ ಹೋಗುತ್ತಿತ್ತು. ಬೇಲಿ ದಟ್ಟವಾಗಿ ಎತ್ತರ ಇದ್ದರೆ ಬೆಳಗಿನ ಜಾವ ಅದರ ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಈ ಭಾಗದವರಿಗೆ ಅದು ಎಂಥ ಭಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶುಂಠಿ ಮಡಿಗೆ ಹೊದಿಸಲು ಸೊಪ್ಪೂ ಬೇಕಿತ್ತು. ಹೀಗಾಗಿ ಮೇ ತಿಂಗಳಲ್ಲಿ ಬೇಲಿ ಸವರಲು ಏಣಿ ತಂದೆ.

ಆ ದಿನ ನಾನು ಮಾಡಿದ ತಪ್ಪುಗಳು

ಹಿಂದಿನ ಸಂಜೆ ಒಂದು ಹದ ಮಳೆ ಆಗಿತ್ತು. ಏಣಿ ಮನೆಯ ಹಿಂದೆ ಹಂಚಿನ ಸೂರಿನ ಕೆಳಗೆ ಐದಾರು ವರ್ಷದಿಂದ ಮಲಗಿದ್ದ ಬಿದಿರಿನ ಏಣಿ. ಅದರ ಬುಡ ಶುಂಠಿ ಮಡಿಯ ಸಡಿಲ ಮಣ್ಣಿನ ಮೇಲೆ ಊರಿದೆ. ತಲೆಯನ್ನು ಬೇಲಿ ಸೊಪ್ಪಿಗೇ ಒರಗಿಸಿದೆ. ಕಟ್ಟಲಿಲ್ಲ. ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ, ಕೈಯಲ್ಲಿ ಮಚ್ಚು ಹಿಡಿದೇ ಹತ್ತಿದೆ. ನನ್ನ ಹೆಂಡತಿ ಕೆಳಗೆ ಸೊಪ್ಪು ಒಟ್ಟುತ್ತಿದ್ದಳು.

ಒಂದು ಗಂಟೆ ಏನೂ ಆಗಲಿಲ್ಲ. ಅದೇ ಮೋಸ. ಏನೂ ಆಗದಿದ್ದಾಗ ನಮಗೆ ಎಲ್ಲ ಸರಿಯಾಗಿದೆ ಅಂತ ಧೈರ್ಯ ಬರುತ್ತೆ.

“ರೀ, ಕಾಫಿ ತಂದಿದೀನಿ, ಇಳೀರಿ. ಆ ಏಣಿ ಯಾಕೋ ವಾಲ್ತಾ ಇದೆ” ಅಂದಳು.

“ಇರೇ, ಇನ್ನೊಂದೇ ಕೊಂಬೆ” ಅಂದೆ.

ಆ ಕೊಂಬೆ ಬಲಗಡೆಗೆ ಎರಡು ಅಡಿ ದೂರ ಇತ್ತು. ಇಳಿದು ಏಣಿ ಸರಿಸಿ ಮತ್ತೆ ಹತ್ತಲು ಸೋಮಾರಿತನ. ಎಡಗೈಯಲ್ಲಿ ಸೊಪ್ಪು ಹಿಡಿದು, ಸೊಂಟ ಏಣಿಯಿಂದ ಆಚೆ ಹಾಕಿ ಮಚ್ಚು ಬೀಸಿದೆ. ಭಾರ ಒಂದೇ ಕಡೆ ಬಿತ್ತು. ಬಲಗಡೆಯ ಗಳ ಮಣ್ಣಿನಲ್ಲಿ ಒಂದು ಗೇಣು ಇಳಿಯಿತು. ಮೇಲೆ ಆತುಕೊಂಡಿದ್ದ ಸೊಪ್ಪು ಕಡಿದ ಮೇಲೆ ತಲೆಗೆ ಆಸರೆಯೇ ಉಳಿದಿರಲಿಲ್ಲ. ಏಣಿ ಒಂದು ಕಡೆ, ನಾನು ಒಂದು ಕಡೆ.

ಮಚ್ಚು ಎಲ್ಲಿ ಬಿತ್ತು ಅಂತ ಆಮೇಲೆ ನೋಡಿದೆವು. ನನ್ನ ಹೆಂಡತಿ ಬಗ್ಗಿ ಕೂತಿದ್ದ ಜಾಗದಿಂದ ಒಂದು ಮೊಳ ದೂರದಲ್ಲಿ ನೆಲಕ್ಕೆ ನೆಟ್ಟುಕೊಂಡಿತ್ತು. ನನ್ನ ಹಿಮ್ಮಡಿ ಹೋದದ್ದನ್ನು ನಾನು ಮರೆತೇನು. ಆ ಒಂದು ಮೊಳವನ್ನು ಮರೆಯಲು ಆಗುವುದಿಲ್ಲ. ಈ ಲೇಖನ ಬರೆಯಲು ಕೂತದ್ದೂ ಅದಕ್ಕೇ.

ಆ ವರ್ಷ ರಾಗಿ ಹೊಲ ವಾರಕ್ಕೆ ಕೊಟ್ಟೆ. ಶುಂಠಿಗೆ ಸರಿಯಾಗಿ ಮಣ್ಣು ಏರಿಸಲು ಆಗಲಿಲ್ಲ. ಆಸ್ಪತ್ರೆ, ಓಡಾಟ, ಔಷಧಿ ಎಲ್ಲ ಸೇರಿ 80 ಸಾವಿರ ದಾಟಿತು.

ನೆಲದ ಮೇಲಿನ ಕಾಲು ಗಂಟೆ

ಈಗ ನಾನು ಏಣಿ ಮುಟ್ಟುವ ಮುಂಚೆ ಬೇಲಿ ಉದ್ದಕ್ಕೂ ಒಂದು ಸಲ ನಡೆಯುತ್ತೇನೆ. ಮೂರು ಕಡೆ ನೋಡುತ್ತೇನೆ: ಮೇಲೆ, ಒಳಗೆ, ಕೆಳಗೆ.

ಮೇಲೆ ನೋಡುವುದು ಕರೆಂಟಿನ ತಂತಿಗೆ. ಅದರ ವಿಷಯ ಮುಂದೆ ಬೇರೆಯಾಗಿ ಬರೆದಿದ್ದೇನೆ.

ಒಳಗೆ ನೋಡುವುದು ಹುಳ ಹುಪ್ಪಟೆಗೆ. ಉದ್ದನೆ ಗಳದಿಂದ ಬೇಲಿಯನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಾಡಿಸಿ, ದೂರ ನಿಂತು ಎರಡು ನಿಮಿಷ ಕಾಯುತ್ತೇನೆ. ಕಣಜ ಇದ್ದರೆ ಎದ್ದು ಬರುತ್ತೆ. ಎಲೆ ಮಡಚಿ ಗೂಡು ಕಟ್ಟಿದ ಕೆಂಜಿಗ ಇದ್ದರೆ ಕಾಣುತ್ತೆ. ಹಸಿರು ಹಾವು ಸೊಪ್ಪಿನ ಬಣ್ಣದಲ್ಲೇ ಇರುತ್ತೆ, ಅಲುಗಿದರೆ ಮಾತ್ರ ತಿಳಿಯುತ್ತೆ. ಕೆಂಜಿಗ ಕಚ್ಚಿದರೆ ಯಾರೂ ಸಾಯುವುದಿಲ್ಲ. ಆದರೆ ಏಣಿ ಮೇಲೆ ಕಚ್ಚಿದರೆ ಕೈ ತಾನಾಗಿ ಬಿಡುತ್ತೆ. ಹುಳ ಕಚ್ಚಿದ್ದಕ್ಕಿಂತ ಬಿದ್ದ ಪೆಟ್ಟೇ ದೊಡ್ಡದಾಗುತ್ತೆ.

ಕೆಳಗೆ ನೋಡುವುದು ನೆಲಕ್ಕೆ. ಇಲಿ, ಹೆಗ್ಗಣದ ಬಿಲ, ಸಡಿಲ ಮಣ್ಣು, ಹಳೇ ಕಾಲುವೆ, ಸೊಪ್ಪಿನಡಿ ಮುಚ್ಚಿಕೊಂಡ ಕಲ್ಲು. ಏಣಿ ಊರುವ ಜಾಗದ ಸೊಪ್ಪು ಸದೆ ಗುಡಿಸಿ, ಕಾಲಿನಿಂದ ತುಳಿದು ನೋಡಬೇಕು. ಬೇಲಿ ಪಕ್ಕ ದಾರಿ ಇದ್ದರೆ ಎರಡೂ ಕಡೆ ಒಂದು ಗಿಡದ ಕೊಂಬೆ ಅಡ್ಡ ಇಡಬೇಕು. ಸ್ಕೂಲಿಗೆ ಹೋಗುವ ಮಕ್ಕಳು, ದನ ಹೊಡೆದುಕೊಂಡು ಬರುವವರು ಏಣಿ ಕೆಳಗೇ ನುಗ್ಗುತ್ತಾರೆ. ಸೋಲಾರ್ ಬೇಲಿ ಇದ್ದರೆ ಮೊದಲು ಆರಿಸಬೇಕು. ಅದರ ಹೊಡೆತ ಸಾಮಾನ್ಯವಾಗಿ ಪ್ರಾಣ ತೆಗೆಯದು. ಏಣಿ ಮೇಲಿದ್ದಾಗ ಬೆಚ್ಚಿ ಬಿದ್ದರೆ ಮಾತ್ರ ತೆಗೆಯಬಹುದು.

ಏಣಿ ಯಾವುದು ಇರಬೇಕು

ನಮ್ಮ ಕಡೆ ಬಳಕೆಯಲ್ಲಿರುವುದು ಮೂರು ಥರ.

ಒಂದನೆಯದು ಒಂಟಿ ಬಿದಿರಿನ ಏಣಿ. ಗಿಣ್ಣಿನ ಹತ್ತಿರ ಕವಲು ಮೊಟುಕಾಗಿ ಬಿಟ್ಟು ಅದನ್ನೇ ಮೆಟ್ಟಿಲು ಮಾಡಿದ್ದು. ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿ, ಕಟ್ಟಿ ಮೆಣಸು ಕೊಯ್ಯಲು ಅದು ಸರಿ. ಗಟ್ಟಿ ಕಾಂಡ ಇರುವ ಕಡೆ ಮಾತ್ರ ಅದು ನಿಲ್ಲುತ್ತೆ. ಬೇಲಿಗೆ ಅದು ಬೇಡವೇ ಬೇಡ, ಉರುಳುತ್ತೆ.

ಎರಡನೆಯದು ಎರಡು ಗಳದ ಬಿದಿರಿನ ಏಣಿ. ಇದಕ್ಕೆ ಎಳೆ ಬಿದಿರು ಬೇಡ. ಮೂರು ವರ್ಷ ದಾಟಿದ, ಬಲಿತ ಬಿದಿರು ಬೇಕು. ಕಡಿದ ಮೇಲೆ ಎರಡು ಮೂರು ವಾರ ಕೆರೆಯಲ್ಲೋ ಹಳ್ಳದಲ್ಲೋ ಮುಳುಗಿಸಿ ಇಟ್ಟು, ನೆರಳಲ್ಲಿ ಒಣಗಿಸಬೇಕು. ಬಿದಿರಿನಲ್ಲಿರುವ ಸಿಹಿ ಅಂಶ, ಗಂಜಿ ಅಂಶ ನೀರಿಗೆ ಬಿಟ್ಟುಹೋಗುತ್ತೆ, ಕುಟ್ಟೆ ಹುಳ ಹಿಡಿಯುವುದು ಕಡಿಮೆ. ಹಳೇ ಏಣಿ ಹತ್ತುವ ಮುಂಚೆ ನೆಲದ ಮೇಲೆ ಮಲಗಿಸಿ ಪ್ರತಿ ಮೆಟ್ಟಿಲನ್ನೂ ತುಳಿದು ನೋಡಿ. ಗಳದ ಕೆಳಗೆ ಬಿಳಿ ಹಿಟ್ಟು ಉದುರಿದ್ದರೆ ಒಳಗೆ ಹುಳ ತಿಂದಿದೆ ಅಂತ ಅರ್ಥ. ಅಂಥ ಏಣಿಯನ್ನು ಒಲೆಗೆ ಹಾಕಿ. ‘ಹಗುರ ಆಳು ಹತ್ತಬಹುದು’ ಅಂತ ಇಟ್ಟುಕೊಳ್ಳಬೇಡಿ, ಒಂದು ದಿನ ಯಾರೋ ಹತ್ತುತ್ತಾರೆ.

ಮೂರನೆಯದು ಅಲ್ಯೂಮಿನಿಯಂ ಏಣಿ. ಹಗುರ, ಕೊಳೆಯುವುದಿಲ್ಲ, ತೋಟದವರು ಹೆಚ್ಚು ಕೊಳ್ಳುವುದು ಇದನ್ನೇ. ಇದರ ಗುಣ ಎಲ್ಲ ಒಳ್ಳೆಯದು, ದೋಷ ಒಂದೇ: ಕರೆಂಟು ಸಲೀಸಾಗಿ ಹರಿಯುತ್ತೆ.

ಬೇಲಿಗೆ ಒಂದು ವಿಶೇಷ ತೊಂದರೆ ಇದೆ. ಬೇಲಿ ಗೋಡೆಯಲ್ಲ. ಗೋಡೆಗೆ ಒರಗಿಸಿದ ಏಣಿಗೆ ಮೇಲೆ ಆಸರೆ ಇರುತ್ತೆ. ಬೇಲಿಗೆ ಒರಗಿಸಿದರೆ ಸೊಪ್ಪಿನೊಳಗೆ ಇಳಿಯುತ್ತೆ. ಸಾಲದ್ದಕ್ಕೆ ನಾವು ಆ ಆಸರೆಯನ್ನೇ ಕಡಿಯುತ್ತಾ ಇರುತ್ತೇವೆ! ಅದಕ್ಕೆ ತಾನೇ ನಿಲ್ಲುವ ಏಣಿ ಬೇಕು. ಜಪಾನಿನಲ್ಲಿ ತೋಟ, ಬೇಲಿ ಸವರುವವರು ಮೂರು ಕಾಲಿನ ಏಣಿ ಬಳಸುತ್ತಾರೆ ಅಂತ ಮಗ ಮೊಬೈಲಿನಲ್ಲಿ ತೋರಿಸಿದ. ಮೆಟ್ಟಿಲು ಇರುವ ಕಡೆ ಎರಡು ಕಾಲು ಅಗಲವಾಗಿ, ಎದುರಿಗೆ ಒಂದೇ ಕಾಲು. ಮೂರು ಕಲ್ಲಿನ ಒಲೆ ಎಂಥ ನೆಲದಲ್ಲೂ ಅಲುಗದೆ ಕೂರುವ ಹಾಗೆ ಇದೂ ಕೂರುತ್ತೆ. ಒಂಟಿ ಕಾಲನ್ನು ಬೇಲಿಯ ಎರಡು ಗಿಡಗಳ ಸಂದಿಗೆ ತೂರಿಸಿದರೆ ನಾವು ಬೇಲಿಗೆ ಎದುರಾಗಿ ನಿಲ್ಲಬಹುದು.

ನಾನು ಅದೇ ಅಂದಾಜಿನಲ್ಲಿ ಬಡಗಿಯಿಂದ ಒಂದು ಮಾಡಿಸಿದೆ. 8 ಅಡಿ ಎತ್ತರ, ತಳದಲ್ಲಿ ನಾಲ್ಕು ಅಡಿ ಅಗಲ, ಮೇಲೆ ಒಂದು ಅಡಿ. ಒಂಟಿ ಕಾಲಿಗೆ ದಪ್ಪ ಬೋಲ್ಟು. ಕಾಲುಗಳು ಜಾರಿ ಅಗಲವಾಗದ ಹಾಗೆ ನಡುವೆ ಸರಪಳಿ. ಇದು ಮಣ್ಣಿನ ನೆಲಕ್ಕೆ ಮಾತ್ರ. ಸಿಮೆಂಟ್ ಅಂಗಳದಲ್ಲಿ, ಬಂಡೆ ಮೇಲೆ ಕಾಲು ಜಾರುತ್ತೆ. ತುತ್ತತುದಿಗೆ ಹತ್ತಿ ನಿಲ್ಲಬಾರದು, ಮೇಲಿನ ಮೂರು ಮೆಟ್ಟಿಲು ಕೈ ಹಿಡಿಯಲು ಅಂತ ಬಿಡಬೇಕು.

ಒರಗಿಸುವ ಏಣಿಯ ಲೆಕ್ಕ

ಒರಗಿಸುವ ಏಣಿಯನ್ನೇ ಬಳಸಬೇಕಾದರೆ ಗಟ್ಟಿ ಮರಕ್ಕೋ, ಬೇಲಿ ಸಾಲಿನಲ್ಲಿರುವ ಕಲ್ಲು ಕಂಬಕ್ಕೋ ಒರಗಿಸಿ, ತಲೆಯನ್ನು ಹಗ್ಗದಿಂದ ಕಟ್ಟಿ. ಕಟ್ಟಲು ಮೊದಲ ಸಲ ಹತ್ತುವಾಗ ಕೆಳಗೆ ಒಬ್ಬರು ಭಾರ ಕೊಟ್ಟು ಹಿಡಿದಿರಲಿ. ಇದಕ್ಕೆ ನೈಲಾನ್ ಹಗ್ಗಕ್ಕಿಂತ ನಾರಿನ ಹಗ್ಗ ಮೇಲು, ಗಂಟು ಜಾರುವುದಿಲ್ಲ. ಆದರೆ ಮಳೆಗೆ ನೆನೆದು ಕುಂಬಾಗಿದೆಯಾ ನೋಡಿಕೊಳ್ಳಿ.

ಬುಡ ಎಷ್ಟು ದೂರ ಇರಬೇಕು? ನಾನು ಓದಿರುವುದು ಏಳನೇ ಕ್ಲಾಸು. ಈ ಲೆಕ್ಕಕ್ಕೆ ಅಷ್ಟು ಸಾಕು: ನಾಲ್ಕಕ್ಕೆ ಒಂದು. ಏಣಿ ಆತುಕೊಳ್ಳುವ ಜಾಗ ನೆಲದಿಂದ 12 ಅಡಿ ಇದ್ದರೆ ಬುಡ 3 ಅಡಿ ಆಚೆ. 8 ಅಡಿ ಇದ್ದರೆ 2 ಅಡಿ. ಇದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಮಗುಚುತ್ತೆ, ದೂರ ಇಟ್ಟರೆ ಬುಡ ಜಾರುತ್ತೆ. ಅಳತೆ ಪಟ್ಟಿ ಇಲ್ಲದಿದ್ದರೂ ನಡೆಯುತ್ತೆ. ಏಣಿ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದಕ್ಕೆ ಚಾಚಿ. ಅಂಗೈ ಭುಜದ ಎತ್ತರದ ಮೆಟ್ಟಿಲಿಗೆ ಸರಿಯಾಗಿ ತಾಗಿದರೆ ಓರೆ ಸರಿಯಾಗಿದೆ.

ಇಳಿಜಾರಿನಲ್ಲಿ ನಾವೆಲ್ಲ ಮಾಡುವುದು ತಗ್ಗಿನ ಕಾಲಿಗೆ ಕಲ್ಲು ಕೊಡುವುದು. ಕಲ್ಲು ಉರುಳುತ್ತೆ. ಅದರ ಬದಲು ಎತ್ತರದ ಕಡೆಯ ಮಣ್ಣನ್ನು ಗುದ್ದಲಿಯಿಂದ ಕೆತ್ತಿ ಮಟ್ಟ ಮಾಡಿ. ಸಡಿಲ ಮಣ್ಣಾದರೆ ಎರಡೂ ಕಾಲಿನ ಕೆಳಗೆ ಒಂದೇ ಹಲಗೆ ಹಾಕಿ, ಜಾರದ ಹಾಗೆ ಹಲಗೆಗೂ ಏಣಿ ಬುಡಕ್ಕೂ ಗೂಟ ಹೊಡೆಯಿರಿ. ನನ್ನ ಶುಂಠಿ ಮಡಿಯಲ್ಲಿ ಒಂದು ಹಲಗೆ ಇದ್ದಿದ್ದರೆ ನಾನು ಬೀಳುತ್ತಿರಲಿಲ್ಲ. ಆ ಹಲಗೆ ದನದ ಕೊಟ್ಟಿಗೆಯಲ್ಲೇ ಬಿದ್ದಿತ್ತು.

ಮೇಲೆ ಹತ್ತಿದ ಮೇಲೆ

ಎರಡು ಕಾಲು, ಎರಡು ಕೈ, ಒಟ್ಟು ನಾಲ್ಕು. ಹತ್ತುವಾಗ, ಇಳಿಯುವಾಗ ಯಾವಾಗಲೂ ಮೂರು ಏಣಿ ಮೇಲಿರಬೇಕು. ಅಂದರೆ ಕೈಯಲ್ಲಿ ಏನೂ ಇರಬಾರದು. ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿ, ಇಲ್ಲವೇ ಹತ್ತಿದ ಮೇಲೆ ಹಗ್ಗದಿಂದ ಎಳೆದುಕೊಳ್ಳಿ. ಕತ್ತಿ ಹಿಡಿಗೆ ಒಂದು ದಾರ ಕಟ್ಟಿ ಏಣಿಗೆ ಗಂಟು ಹಾಕಿದರೆ ಕೈ ತಪ್ಪಿದರೂ ಕೆಳಗಿನವರ ಮೇಲೆ ಬೀಳದು.

ಹೊಟ್ಟೆ ಏಣಿಯ ಎರಡು ಗಳಗಳ ನಡುವೆಯೇ ಇರಬೇಕು. ಹೊಕ್ಕುಳು ಗಳ ದಾಟಿತು ಅಂದರೆ ಇಳಿದು ಏಣಿ ಸರಿಸಬೇಕು ಅಂತ ಅರ್ಥ. ‘ಇನ್ನೊಂದೇ ಕೊಂಬೆ’ ಅನ್ನಿಸಿದಾಗ ಇಳಿಯಿರಿ. ಆ ಮಾತು ಬಾಯಿಗೆ ಬಂತು ಅಂದರೆ ಕೊಂಬೆ ದೂರ ಇದೆ ಅಂತಲೇ.

ಏಣಿ ಮೇಲೆ ಮಚ್ಚು ಬೀಸುವುದು ಒಳ್ಳೆಯದಲ್ಲ. ಬೀಸಿದ ರಭಸಕ್ಕೆ ಮೈ ತಿರುಗುತ್ತೆ. ಸಣ್ಣ ಗರಗಸ, ಕತ್ತರಿ ಸಾಕು. ದಪ್ಪ ಕೊಂಬೆಗೆ ನೆಲದ ಮೇಲೆ ನಿಂತು ದೋಟಿಯಿಂದ, ಉದ್ದ ಹಿಡಿಯ ಗರಗಸದಿಂದ ಕೊಯ್ಯಿರಿ. ಹಾಲುವಾಣದ ಕೊಂಬೆ ನೋಡಲು ದಪ್ಪ, ಒಳಗೆ ಮೆದು. ಅದರ ಮೇಲೆ ಕಾಲಿಟ್ಟು ಭಾರ ಹಾಕಬೇಡಿ. ಬೇಲಿ ಕತ್ತರಿಸುವ ಪೆಟ್ರೋಲ್ ಯಂತ್ರ, ಮರ ಕೊಯ್ಯುವ ಯಂತ್ರ ಎರಡಕ್ಕೂ ಎರಡು ಕೈ ಬೇಕು. ಎರಡೂ ಕೈ ಯಂತ್ರಕ್ಕೆ ಕೊಟ್ಟರೆ ಏಣಿ ಹಿಡಿಯುವವರು ಯಾರು? ಅವನ್ನು ಏಣಿ ಮೇಲೆ ಒಯ್ಯಲೇಬೇಡಿ.

ಲುಂಗಿ, ಪಂಚೆ ಬೇಡ, ಚಡ್ಡಿ ಅಥವಾ ಪ್ಯಾಂಟು ಇರಲಿ. ಹವಾಯಿ ಚಪ್ಪಲಿ ಬೇಡ, ರಬ್ಬರ್ ತಳದ ಶೂ ಇರಲಿ. ಮೋಟಾರ್ ಸೈಕಲ್ಲಿನ ಹೆಲ್ಮೆಟ್ ಮನೆಯಲ್ಲಿದ್ದರೆ ಹಾಕಿಕೊಳ್ಳಿ. ನಗುವವರು ನಗಲಿ. ಮಳೆ ಬಂದು ಏಣಿ ಒದ್ದೆಯಾಗಿದ್ದರೆ, ಗಾಳಿ ಇದ್ದರೆ, ಜ್ವರದ ಮಾತ್ರೆ ನುಂಗಿದ್ದರೆ, ಹಿಂದಿನ ರಾತ್ರಿ ಕುಡಿದಿದ್ದರೆ ಆ ದಿನ ಬೇಡ.

ಏಣಿ ಹಿಡಿಯಲು ಒಬ್ಬರು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರಿ, ಹತ್ತುವಾಗ, ಇಳಿಯುವಾಗ ಹಿಡಿಯಲಿ. ಮೇಲೆ ಕತ್ತಿ ಆಡಲು ಶುರುವಾದ ಮೇಲೆ ಅವರು ಅಲ್ಲಿ ಇರಬಾರದು. ಕಟ್ಟಿದ ಏಣಿಗೆ, ಮೂರು ಕಾಲಿನ ಏಣಿಗೆ ಹಿಡಿಯುವವರು ಬೇಕಿಲ್ಲ. ಸೊಪ್ಪು ಒಟ್ಟುವುದು ಮೇಲಿನ ಕೆಲಸ ನಿಂತ ಮೇಲೆ. ನಮ್ಮ ಮನೆಯಲ್ಲಿ ಈಗ ಇದು ಕಾನೂನು.

ಅಟ್ಟಣೆ ಕಟ್ಟಿಕೊಂಡರೆ

ಹತ್ತು ಮಾರು ಬೇಲಿಗೆ ಏಣಿ ಸಾಕು. ಉದ್ದ ಬೇಲಿಗೆ ಹತ್ತಿ ಇಳಿದು ಸರಿಸಿ ಸಾಕಾಗುತ್ತೆ, ಸಾಕಾದಾಗಲೇ ತಪ್ಪು ಆಗುತ್ತೆ. ಅಂಥಲ್ಲಿ ಅಟ್ಟಣೆ ಮೇಲು. ಕಳೆದ ವರ್ಷ ಹತ್ತಿರದ ಒಂದು ಹೋಂಸ್ಟೇಯವರು ಬೇಲಿ ಸವರಲು ಕರೆದರು. ಡುರಾಂಟ ಗಿಡದ ಬೇಲಿ. ನಮ್ಮ ಬಾಯಲ್ಲಿ ಅದು ‘ದುರಂತ’ ಆಗಿಬಿಟ್ಟಿದೆ. ಹತ್ತು ಅಡಿ ಎತ್ತರ, ಅರವತ್ತು ಅಡಿ ಉದ್ದ. ಹಿಂದಿನವರು ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಸವರಿದ್ದರಂತೆ! ಗಿಡದ ಹೆಸರು ನಿಜ ಆಗದಿದ್ದದ್ದು ಅವರ ಪುಣ್ಯ.

ನಾನು ಅಲ್ಲಿಗೆ ಎರಡು ಕುದುರೆ ಮತ್ತು ಹಲಗೆ ಒಯ್ದೆ. ಕುದುರೆ ಅಂದರೆ ಬಡಗಿಗಳು ಮರ ಕೊಯ್ಯಲು ಇಡುತ್ತಾರಲ್ಲ, ನಾಲ್ಕು ಕಾಲಿನ ಚೌಕಟ್ಟು, ಅದೇ. ನನ್ನದು ನಾಲ್ಕು ಅಡಿ ಎತ್ತರ. ನಾಲ್ಕು ಅಡಿ ಮೇಲೆ ನಿಂತರೆ ನನ್ನಂಥವನಿಗೆ ಹತ್ತು ಅಡಿ ಬೇಲಿಯ ತಲೆ ಕೈಗೆ ಸಿಗುತ್ತೆ. ಗಮನಿಸಬೇಕಾದದ್ದು ಇಷ್ಟು:

ಹಲಗೆ ಎರಡು ಅಂಗುಲ ದಪ್ಪ ಇರಲಿ. ಗಂಟು, ಬಿರುಕು ಇರಬಾರದು. ಎರಡು ಹಲಗೆ ಜೋಡಿಸಿ ಒಂದೂವರೆ ಎರಡು ಅಡಿ ಅಗಲ ಬರಬೇಕು. ಒಂದೇ ಹಲಗೆ ಮೇಲೆ ನಿಲ್ಲುವುದು ಹಗ್ಗದ ಮೇಲೆ ನಡೆದ ಹಾಗೆ.

ಕುದುರೆಗಳ ನಡುವೆ ಐದು ಅಡಿಗಿಂತ ಹೆಚ್ಚು ಅಂತರ ಬೇಡ, ಹಲಗೆ ಬಾಗುತ್ತೆ. ಹಲಗೆ ತುದಿ ಕುದುರೆಯಿಂದ ಆಚೆ ಅರ್ಧ ಅಡಿ ಇರಲಿ. ಎರಡು ಅಡಿ ಬಿಟ್ಟು ಅದರ ಮೇಲೆ ಕಾಲಿಟ್ಟರೆ ಏತದ ಹಾಗೆ ಇನ್ನೊಂದು ತುದಿ ಮೇಲೇಳುತ್ತೆ. ಹಲಗೆಯನ್ನು ಕುದುರೆಗೆ ಹಗ್ಗದಿಂದ ಬಿಗಿದು ಕಟ್ಟಿ.

ನಾಲ್ಕು ಅಡಿಗಿಂತ ಎತ್ತರ ಬೇಕಾದರೆ ಗಾರೆಯವರು ಕಟ್ಟುವ ಸಾರುವೆಯ ಹಾಗೆ ನಾಲ್ಕು ಗಳ ನಿಲ್ಲಿಸಿ, ಪ್ರತಿ ಬದಿಗೂ ಓರೆ ಗಳ ಕಟ್ಟಿ. ಓರೆ ಗಳ ಇಲ್ಲದ ಸಾರುವೆ ಪೆಟ್ಟಿಗೆ ಮಡಚಿದ ಹಾಗೆ ಮಡಚುತ್ತೆ. ಎತ್ತರ ತಳದ ಅಗಲದ ಮೂರು ಪಟ್ಟು ಮೀರಬಾರದು. ತಳ ನಾಲ್ಕು ಅಡಿ ಇದ್ದರೆ 12 ಅಡಿಗೆ ನಿಲ್ಲಿಸಿ. ಬೆನ್ನ ಹಿಂದೆ ಸೊಂಟದ ಎತ್ತರಕ್ಕೆ ಒಂದು ಅಡ್ಡ ಗಳ ಬೇಕೇ ಬೇಕು. ಸವರಿದ್ದು ಸಮ ಆಯಿತಾ ನೋಡೋಣ ಅಂತ ಎಲ್ಲರೂ ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ನೆಲದ ಮೇಲಿನ ಅಭ್ಯಾಸ ಅದು, ಅಟ್ಟಣೆ ಮೇಲೂ ಬರುತ್ತೆ.

ಅಟ್ಟಣೆ ಸರಿಸುವಾಗ ಮೇಲೆ ಯಾರೂ ಇರಬಾರದು. ಅಟ್ಟಣೆ ಮೇಲೆ ಮತ್ತೆ ಏಣಿ, ಕುರ್ಚಿ, ಡ್ರಮ್ಮು ಇಡಬಾರದು. ಜೆಸಿಬಿ ಬಕೆಟ್ಟಿನಲ್ಲಿ ಆಳು ನಿಲ್ಲಿಸಿ ಎತ್ತುವುದನ್ನು ನಾನು ನೋಡಿದ್ದೇನೆ. ಅದು ಮಣ್ಣು ಎತ್ತಲು ಮಾಡಿದ್ದು. ಟ್ರಾಕ್ಟರ್ ಟ್ರೈಲರ್ ಮೇಲೆ ನಿಲ್ಲುವುದಾದರೆ ಸಮ ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಆರಿಸಿ, ಬೀಗದ ಕೈ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ.

ಸ್ಕಾಟ್ಲೆಂಡಿನ ಮೈಕಲೂರ್ ಅನ್ನುವಲ್ಲಿ 1745ರಲ್ಲಿ ನೆಟ್ಟ ಬೇಲಿ ಒಂದಿದೆಯಂತೆ. ಎತ್ತರ ಸುಮಾರು 100 ಅಡಿ, ಉದ್ದ ಅರ್ಧ ಕಿಲೋಮೀಟರಿಗೂ ಹೆಚ್ಚು. ಅದನ್ನು ಸವರುವುದು ಹತ್ತು ವರ್ಷಕ್ಕೊಮ್ಮೆ, ಅದಕ್ಕೆ ಯಂತ್ರದ ಅಟ್ಟಣೆಯೇ ಬೇಕಂತೆ. ನಮ್ಮ ಹತ್ತು ಅಡಿಗೆ ಎರಡು ಕುದುರೆ ಸಾಕು. ಎತ್ತರಕ್ಕೆ ತಕ್ಕ ಸಾಧನ ಇರಬೇಕು, ಅಷ್ಟೇ.

ತಂತಿ ಇದ್ದಲ್ಲಿ ಏಣಿ ಬೇಡ

ಹಾಸನ, ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಕೂಲಿಯವರು ಸತ್ತ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತೆ. ಬಹಳ ಸಲ ಏಣಿ ಹತ್ತಿರುವುದೇ ಇಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ನೆಟ್ಟಗೆ ಎತ್ತಿ ಹಿಡಿದು ಒಯ್ಯುವಾಗಲೇ ತಗುಲುತ್ತೆ.

ಲೆಕ್ಕ ನೋಡಿ. ರಸ್ತೆ ಬಿಟ್ಟು ಹೊಲ, ತೋಟದ ಮೇಲೆ ಹೋಗುವ 11 ಕೆ.ವಿ. ತಂತಿ ನೆಲದಿಂದ ಕಡಿಮೆ ಅಂದರೆ 4.6 ಮೀಟರ್ ಎತ್ತರ ಇರಬೇಕು ಅಂತ ನಿಯಮ. ಅಂದರೆ 15 ಅಡಿ. ನಮ್ಮ ಏಣಿ 20 ಅಡಿ. ತಂತಿ ನಿಯಮದ ಪ್ರಕಾರವೇ ಇದ್ದರೂ ಏಣಿ ಐದು ಅಡಿ ಮೇಲೆ ಹೋಗುತ್ತೆ. ಜೋತು ಬಿದ್ದಿದ್ದರೆ ಕೇಳುವುದೇ ಬೇಡ.

ಅದಕ್ಕೆ ಏಣಿಯನ್ನು ಮಲಗಿಸಿಯೇ ಒಯ್ಯಬೇಕು, ಮುಂದೊಬ್ಬರು ಹಿಂದೊಬ್ಬರು. ಏಣಿ ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇದ್ದರೆ ಮಾತ್ರ ನಿಲ್ಲಿಸಬೇಕು. ಬಿದಿರು ಅಂತ ಧೈರ್ಯ ಬೇಡ. ಹಸಿ ಬಿದಿರು, ಮಳೆಗೆ ನೆನೆದ ಬಿದಿರು ಕರೆಂಟು ಒಯ್ಯುತ್ತೆ. ಹಸಿ ಕೊಂಬೆಯೂ ಅಷ್ಟೇ. ಕಡಿದ ಕೊಂಬೆ ತಂತಿ ಮೇಲೆ ಬಿದ್ದು ನಿಮ್ಮನ್ನು ಮುಟ್ಟಿದರೂ ಸಾಕು. ತಂತಿ ಕೆಳಗಿನ ಬೇಲಿಯನ್ನು ನಾವು ಸವರುವುದೇ ಬೇಡ. ನಮ್ಮ ಜಿಲ್ಲೆ ಚೆಸ್ಕಾಂಗೆ ಸೇರಿದ್ದು. 1912ಕ್ಕೆ ಫೋನ್ ಮಾಡಿ ತಿಳಿಸಿ, ಲೈನ್ ನಿಲ್ಲಿಸಿದ್ದಾರೆ ಅಂತ ಲೈನ್‌ಮ್ಯಾನ್ ಎದುರಿಗೆ ನಿಂತು ಹೇಳಿದ ಮೇಲೆ ಮುಟ್ಟಿ. ‘ಮನೆಯಲ್ಲಿ ಕರೆಂಟ್ ಇಲ್ಲ, ತಂತಿಯಲ್ಲೂ ಇರಲ್ಲ’ ಅನ್ನುವುದು ತಪ್ಪು ಲೆಕ್ಕ.

ಯಾರಾದರೂ ತಗುಲಿಕೊಂಡರೆ ಓಡಿ ಹೋಗಿ ಹಿಡಿಯಬೇಡಿ. ಹಾಗೆ ಹಿಡಿಯಲು ಹೋದರೆ ಒಬ್ಬರು ಹೋಗುವ ಕಡೆ ಇಬ್ಬರು ಹೋಗುತ್ತಾರೆ. ದೊಡ್ಡ ಲೈನಿಗೆ ಒಣ ಕೋಲೂ ಕೆಲಸಕ್ಕೆ ಬಾರದು. ದೂರ ನಿಂತು 1912ಕ್ಕೆ, 112ಕ್ಕೆ ಫೋನ್ ಮಾಡಿ.

ಬಿದ್ದರೆ ಏನು ಮಾಡಬೇಕು

ನಾನು ಬಿದ್ದಾಗ ಅಕ್ಕಪಕ್ಕದವರು ಪ್ರೀತಿಯಿಂದ ಓಡಿ ಬಂದರು. ಕೈ ಇಬ್ಬರು, ಕಾಲು ಇಬ್ಬರು ಹಿಡಿದು ಎತ್ತಿ ಗೂಡ್ಸ್ ಆಟೋಗೆ ಹಾಕಿದರು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಪ್ರೀತಿಯೇ ನನ್ನನ್ನು ಜೀವನ ಪೂರ್ತಿ ಮಲಗಿಸುತ್ತಿತ್ತು. ಎತ್ತರದಿಂದ ಹಿಮ್ಮಡಿ ಊರಿ ಬಿದ್ದವರಿಗೆ ಬೆನ್ನುಮೂಳೆಗೂ ಪೆಟ್ಟು ಬಿದ್ದಿರಬಹುದು ಅಂತ ಡಾಕ್ಟರು ಆಮೇಲೆ ಹೇಳಿದರು.

ಬಿದ್ದವರನ್ನು ಕೂರಿಸಬೇಡಿ, ನಿಲ್ಲಿಸಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ ಅಲುಗದ ಹಾಗೆ ತಲೆಯನ್ನು ಎರಡೂ ಕೈಯಿಂದ ಹಿಡಿದಿರಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ದಾರಿಯೇ ಇಲ್ಲದಿದ್ದರೆ ಮೈಯನ್ನು ಒಂದೇ ದಿಮ್ಮಿಯ ಹಾಗೆ ಹೊರಳಿಸಿ ಬಾಗಿಲು ಹಲಗೆ ಮೇಲೆ ಮಲಗಿಸಿ ಒಯ್ಯಿರಿ.

ಇನ್ನೊಂದು ಮಾತು. ಬ್ಯಾಂಕ್ ಅಥವಾ ಪೋಸ್ಟಾಫೀಸ್ ಖಾತೆ ಇರುವ 18ರಿಂದ 70 ವರ್ಷದವರು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. 2015ರಲ್ಲಿ ಶುರುವಾದಾಗ ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ ಆಯಿತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಎರಡು ಕಣ್ಣು, ಎರಡು ಕೈ ಅಥವಾ ಎರಡು ಕಾಲು ಹೋದರೂ 2 ಲಕ್ಷ, ಒಂದು ಹೋದರೆ 1 ಲಕ್ಷ. ಮೂಳೆ ಮುರಿದ ಆಸ್ಪತ್ರೆ ಖರ್ಚಿಗೆ ಅದು ಕೊಡುವುದಿಲ್ಲ. ನನಗೂ ಸಿಗಲಿಲ್ಲ. ಆದರೂ ಮಾಡಿಸಿ. ಕೂಲಿಗೆ ಕರೆಯುವವರು ಆಳಿಗೆ ಏಣಿ ಕೊಡುವ ಮುಂಚೆ ಅವರಿಗೆ ಈ ವಿಮೆ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಆ 20 ರೂಪಾಯಿ ನೀವೇ ಕೊಟ್ಟರೂ ನಷ್ಟವಿಲ್ಲ.

ಎಲ್ಲಕ್ಕಿಂತ ಮೇಲು: ಬೇಲಿಯನ್ನೇ ತಗ್ಗಿಸಿ

ಇಷ್ಟೆಲ್ಲ ಬರೆದ ಮೇಲೆ ಹೇಳುತ್ತೇನೆ, ಈಗ ನನ್ನ ಹೊಲದ ಬೇಲಿಗೆ ಏಣಿಯೇ ಬೇಕಾಗಿಲ್ಲ. ಕಾಲು ಸರಿಯಾದ ಮೇಲೆ ಗೊಬ್ಬರದ ಗಿಡಗಳನ್ನೆಲ್ಲ ಎದೆ ಎತ್ತರಕ್ಕೆ, ಅಂದರೆ ಐದು ಅಡಿಗೆ ಕಡಿಸಿದೆ. ನೀರು ನಿಲ್ಲದ ಹಾಗೆ ಓರೆಯಾಗಿ ಕಡಿಯಬೇಕು. ಗೊಬ್ಬರದ ಗಿಡ, ದಾಸವಾಳ, ಡುರಾಂಟ ಎಲ್ಲ ಎಷ್ಟು ಕಡಿದರೂ ಚಿಗುರುತ್ತವೆ. ಥೂಜದಂಥ ಗಿಡ ಮಾತ್ರ ಸೊಪ್ಪಿಲ್ಲದ ಹಳೇ ಕಟ್ಟಿಗೆಯಿಂದ ಚಿಗುರುವುದಿಲ್ಲ, ಅದನ್ನು ಎಳೆಯದಿದ್ದಾಗಲೇ ತಲೆ ಚಿವುಟಿ ತಗ್ಗಿನಲ್ಲೇ ಇಟ್ಟುಕೊಳ್ಳಬೇಕು. ಯಾವ ಬೇಲಿಯಾದರೂ ಬುಡ ಅಗಲ, ತಲೆ ಕಿರಿದು ಇರಲಿ. ಬುಡಕ್ಕೂ ಬಿಸಿಲು ಬಿದ್ದು ಕೆಳಗಿನವರೆಗೆ ಸೊಪ್ಪು ಇರುತ್ತೆ.

ಈಗ ವರ್ಷಕ್ಕೆ ಎರಡು ಸಲ ಸವರುತ್ತೇನೆ. ಮೇ ತಿಂಗಳಲ್ಲಿ ಶುಂಠಿಗೆ ಸೊಪ್ಪು, ಮಳೆಗಾಲ ಮುಗಿದ ಮೇಲೆ ಒಂದು ಸಲ ತಿಪ್ಪೆಗೆ. ಎರಡೂ ಸಲ ನೆಲದ ಮೇಲೆ ನಿಂತು, ಕುಡುಗೋಲಿನಲ್ಲಿ. ಎರಡು ವರ್ಷ ಬಿಟ್ಟು ಒಂದೇ ಸಲ ಮಾಡುತ್ತಿದ್ದ ಕೆಲಸಕ್ಕಿಂತ ಇದು ಕಡಿಮೆಯೇ. ರಾಗಿಗೆ ಬಿಸಿಲು ಬಂತು, ಸೋಲಾರ್ ತಂತಿ ಶುದ್ಧವಾಯಿತು, ಬೇಲಿ ಆಚೆ ಏನು ನಿಂತಿದೆ ಅಂತ ಕಾಣುತ್ತೆ.

ಮೂರು ಕಾಲಿನ ಏಣಿ ಕೊಟ್ಟಿಗೆ ಗೋಡೆಗೆ ನಿಂತಿದೆ. ಊರಿನವರು ಕೇಳಿದರೆ ಕೊಡುತ್ತೇನೆ, ಜೊತೆಗೆ ಆ ಹಲಗೆಯನ್ನೂ ಕೊಡುತ್ತೇನೆ. ಹಲಗೆ ಬೇಡ ಅಂದವರಿಗೆ ಏಣಿಯೂ ಇಲ್ಲ ಅಂತ ನನ್ನ ಹೆಂಡತಿಯ ಹುಕುಂ. ನಿಮ್ಮ ಕಡೆ ಬೇಲಿ, ಮರ ಸವರಲು ಇದಕ್ಕಿಂತ ಒಳ್ಳೆಯ ಏಣಿಯೋ ಅಟ್ಟಣೆಯೋ ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಬಿದ್ದ ಮೇಲೆ ಕಲಿಯುವುದಕ್ಕಿಂತ ಓದಿ ಕಲಿಯುವುದು ಅಗ್ಗ.